ಹೆಸರಿನ ಜಾಗ

ನಾನು ಕೊಳಾಯಿ ಕೆಲಸದವನು.
ಪೈಪಿನೊಳಗೆ ಗಾಳಿ ಸಿಕ್ಕಿಕೊಂಡರೆ
ಗೋಡೆಗೆ ಕಿವಿಯಿಟ್ಟು ಹೇಳಬಲ್ಲೆ
ಎಷ್ಟು ಅಡಿ ಮೇಲೆ ಎಂದು.
ಹಾಗೆಯೇ ಗೊತ್ತಿತ್ತು,
ಫಾದರ್ ಥ್ರೆಲ್‌ಫಾಲರ ಪಿಸುಮಾತಿನ ಲ್ಯಾಟಿನ್ನಿನಲ್ಲಿ
ಗಾಳಿ ಸಿಕ್ಕಿಕೊಂಡಿದ್ದ ಜಾಗ.

ಚೋರ್ಲಿಯ ಟೈರು ಗೋದಾಮಿನ ಮಹಡಿ ನಮ್ಮ ದೇವಾಲಯ.
ಎಷ್ಟು ಧೂಪ ಹಾಕಿದರೂ
ಕೆಳಗಿನಿಂದ ರಬ್ಬರಿನ ವಾಸನೆ.
ಮೂವತ್ತೊಂದು ವರ್ಷ ಅವರ ಬೆನ್ನ ಹಿಂದೆ ಮಂಡಿಯೂರಿ
ಗಂಟೆ ಹಿಡಿದವನು ನಾನು.
ಬಲಿಪೂಜೆಯ ನಡುವೆ, ಆ ದೊಡ್ಡ ಪ್ರಾರ್ಥನೆಯ ಮೊದಲಿಗೇ
ಪೋಪರ ಹೆಸರು ಬರಬೇಕು,
ಅದರ ಹಿಂದೆಯೇ ನಮ್ಮ ಸೀಮೆಯ ಧರ್ಮಾಧ್ಯಕ್ಷರದು.
ಬರುತ್ತಿರಲಿಲ್ಲ.
ಒಂದು ಉಸಿರು. ಎರಡು.
ಮತ್ತೆ ನೀರು ಹರಿಯುತ್ತಿತ್ತು.

ಒಮ್ಮೆ ಕೇಳಿದೆ.
"ಹೆಸರು ಹೇಳಿದರೆ ಒಪ್ಪಿದಂತೆ, ಹ್ಯೂಬರ್ಟ್."
"ಹೇಳದಿದ್ದರೆ?"
ತೋಳಿನ ಗುಂಡಿ ಹಾಕಿಕೊಂಡರು, ಆಗಲೇ ಹಾಕಿದ್ದ ಗುಂಡಿ.

ಹೋದ ಚಳಿಗಾಲ ಅವರ ಅಕ್ಕ ಹೋದಳು.
ಅವಳದು ಆ ಕಡೆಯ ಚರ್ಚು: ಇಂಗ್ಲಿಷಿನ ಪೂಜೆ, ಗಿಟಾರು,
ಜನರ ಕಡೆ ಮುಖ ಮಾಡಿದ ಪೀಠ.
ಇವರು ಒಳಗೆ ಹೋಗಲಿಲ್ಲ.
ಸ್ಮಶಾನದ ಗೇಟಿನ ಹೊರಗೆ ಕರೀ ನಿಲುವಂಗಿಯಲ್ಲಿ
ನೆನೆಯುತ್ತ ನಿಂತರು.
ಅಲ್ಲಿನ ಎಳೇ ಪಾದ್ರಿ, ಮೂವತ್ತು ದಾಟಿಲ್ಲ,
ಬಂದು ಕೈಗೊಂದು ಕೊಡೆ ಕೊಟ್ಟು
ಏನೂ ಕೇಳದೆ ಗುಂಡಿಯ ಬಳಿಗೆ ಮರಳಿದ.
ಕೊಡೆಯೇ ಕಾರಣ ಅಂತ ನಾನನ್ನುವುದಿಲ್ಲ.
ಅದಿನ್ನೂ ನಮ್ಮ ಮೆಟ್ಟಿಲ ಮೂಲೆಯಲ್ಲಿದೆ.
ಹಿಂದಿರುಗಿಸಿಲ್ಲ.

ಮಾರ್ಚಿನಲ್ಲಿ ನನ್ನ ವ್ಯಾನಿನಲ್ಲೇ ಲ್ಯಾಂಕಾಸ್ಟರಿಗೆ ಕರೆದೊಯ್ದೆ.
ಮೇಲಿನ ಕೋಣೆಯಲ್ಲಿ ಅವರೂ ಧರ್ಮಾಧ್ಯಕ್ಷರೂ
ಎರಡು ಗಂಟೆ.
ಕೆಳಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು;
ನೋಡಿ ಸುಮ್ಮನಿರಲಾಗದೆ ವಾಷರ್ ಬದಲಿಸಿದೆ.
ಇಳಿದು ಬಂದಾಗ ಬೆರಳಿಗೆ ಮಸಿ.
"ಹಳೇ ಪುಸ್ತಕ ಬಿಡಬೇಕಿಲ್ಲವಂತೆ" ಅಂದರು.
ಗಾರ್‌ಸ್ಟಾಂಗ್ ದಾಟುವ ತನಕ ಮಾತಿಲ್ಲ.
ಆಮೇಲೆ, ಕಿಟಕಿಯ ಕಡೆಗೆ:
"ತಪ್ಪಾಯಿತು ಅನ್ನು ಅಂತ ಅವರು ಕೇಳಲೇ ಇಲ್ಲ.
ಕೇಳಿದ್ದರೆ ಸುಲಭವಾಗುತ್ತಿತ್ತು."

ಹೊದರ್‌ಸಾಲ್ ಮನೆಯವರು
ತಮ್ಮ ಆರು ಕುರ್ಚಿ ಹೊತ್ತುಕೊಂಡು ಇಳಿದುಹೋದರು.
ಹಲಗೆಯ ಮೇಲೆ ಇಪ್ಪತ್ತನಾಲ್ಕು ಕಾಲಿನ ಗುರುತು.
"ಮಾರಿಕೊಂಡ" ಎಂದ ಮುದುಕನ ಬಾಯಿಗೆ
ಅವನ ಮಗಳೇ ಕೈ ಅಡ್ಡ ಹಿಡಿದಳು.
ಫಾದರ್ ಓಸ್ವಿನ್ ಸ್ವಾರ್‌ಬ್ರಿಕ್,
ಇವರ ಜೊತೆ ಒಂದೇ ದಿನ, ಒಂದೇ ನೆಲದ ಮೇಲೆ
ಬೋರಲು ಮಲಗಿ ಗುರುಪಟ್ಟ ಪಡೆದವರು,
ಬಾಗಿಲ ಬೀಗದ ಕೈಯನ್ನು ಲಕೋಟೆಯಲ್ಲಿ ಕಳಿಸಿದರು.
ಪತ್ರವಿರಲಿಲ್ಲ.
ಲಕೋಟೆಯನ್ನು ತಿರುವಿ ತಿರುವಿ ನೋಡಿದೆವು.

ಆ ಭಾನುವಾರ.
ಹನ್ನೊಂದು ಜನ, ಒಂದು ಕೂಸು.
ಪೋಪರ ಹೆಸರು ಬಂತು, ತಗ್ಗಿದ ದನಿಯಲ್ಲಿ, ಸರಾಗವಾಗಿ,
ರಾತ್ರಿಯೆಲ್ಲ ಬಾಯಿಪಾಠ ಮಾಡಿದವರಂತೆ.
ಧರ್ಮಾಧ್ಯಕ್ಷರದಕ್ಕೆ ತಡವರಿಸಿದರು.
ಲ್ಯಾಟಿನ್ನಿನಲ್ಲಿ ಹೆಸರಿಗೂ ವಿಭಕ್ತಿ ಹಚ್ಚಬೇಕಲ್ಲ:
ಕತ್‌ಬರ್ಟ್... ಕತ್‌ಬರ್ಟೋ.
ನಮ್ಮೂರ ಕಟುಕನ ಹೆಸರೂ ಅದೇ.
ನಗು ಬಂತು ನನಗೆ, ದೇವರ ಮುಂದೆ,
ಕಣ್ಣೂ ತುಂಬಿತು. ಯಾವುದು ಮೊದಲೋ ತಿಳಿಯದು.

ಅದರ ಮುಂದಿನದು ಬದುಕಿರುವವರನ್ನು ನೆನೆಯುವ ಜಾಗ.
ಅಲ್ಲಿ ಮೌನವೇ ಪದ್ಧತಿ:
ಕೈ ಜೋಡಿಸಿ ಬೇಕಾದವರನ್ನು ಮನಸ್ಸಿಗೆ ತಂದುಕೊಂಡು
ಮುಂದಕ್ಕೆ ಹೋಗಬೇಕು.
ಇವರು ಹೋಗಲಿಲ್ಲ.
ಉಸಿರೆಣಿಸಿದೆ. ಐದು. ಎಂಟು.
ಹನ್ನೊಂದಕ್ಕೆ ಲೆಕ್ಕ ಬಿಟ್ಟೆ.
ನಾನು ಬೆನ್ನ ಹಿಂದಿನವನು, ನನಗೆ ತುಟಿ ಕಾಣದು.
ಹಿಂದೆ ಯಾರೋ ಕೆಮ್ಮಿದರು. ಕೂಸು ರಚ್ಚೆ ಹಿಡಿಯಿತು.
ಗಂಟೆಯ ನಾಲಗೆಯನ್ನು
ಎರಡು ಬೆರಳ ನಡುವೆ ಹಿಡಿದುಕೊಂಡೆ,
ಅಲುಗದಂತೆ.