ಕಡ ತಂದ ಅಲೆ

ನಾವು ಏನನ್ನೂ ಕಳಿಸುವುದಿಲ್ಲ,
ಎನ್ನುತ್ತಾಳೆ ಫ್ರೌಕ್ಯೆ, ಮೊಣಕಾಲೂರಿ
ಒಡ್ಡಿನ ಹುಲ್ಲಿನಲ್ಲಿ ಎರಡು ಆಂಟೆನಾ ನೆಡುತ್ತ.
ಒಂದು ಗೋಪುರದ ಕಡೆಗೆ, ಒಂದು ನೆಲದ ಕಡೆಗೆ.
ಗಾಳಿ ತುಂಬ ಯಾರುಯಾರದೋ ಮಾತಿದೆಯಲ್ಲ,
ಅದೇ ಸಾಕು.

ಎಫ್ಎಂನಲ್ಲಿ ಈಗ ಹಾಲಿನ ದರ,
ಆಮೇಲೆ ಹಾಯಿದೋಣಿ ಪಂದ್ಯದಲ್ಲಿ ಗೆದ್ದ ಊರಿನ ಹೆಸರು,
ನಡುವೆ ಹಾಸಿಗೆಯಂಗಡಿಯ ಜಾಹೀರಾತು.
ನೆಟ್ಟಗೆ ಬಂದು ಮೊದಲ ಕಿವಿಗೆ ತಾಗುತ್ತವೆ;
ಅವೇ ಮಣ್ಣಿಗಿಳಿದು, ತಡವರಿಸಿ, ತೇವ ಮೆತ್ತಿಕೊಂಡು
ಎರಡನೆಯ ಕಿವಿಗೆ ಬರುವಾಗ
ರೆಪ್ಪೆ ಮಿಟುಕಿನ ಕೋಟಿಯಲ್ಲೊಂದು ಪಾಲು ತಡ.
ಆ ತಡವೇ ಆಳ.

ಹುಡುಕುತ್ತಿರುವುದು ನೀರಿಲಿಯ ಬಿಲ.
ಒಡ್ಡಿನಾಚೆ ಕಾಲುವೆ;
ಈಚೆ, ಅದರ ನೀರಿಗಿಂತ ತಗ್ಗಿನಲ್ಲಿ,
ಹುಲ್ಲುಗಾವಲು, ಹಸುಗಳು, ಫ್ರೀಸ್‌ಲಾಂಡಿನ ಒಂದು ಊರು.
ಇಲಿ ಹೋದಷ್ಟು ದಾರಿ ಸಾಕು ನೀರಿಗೆ.

ಹೆಸ್ಸೆಲ್‌ಗೆ ಇದರಲ್ಲೆಲ್ಲ ನಂಬಿಕೆಯಿಲ್ಲ.
ನಲವತ್ತು ವರ್ಷ ಸಲಾಕೆ ಚುಚ್ಚಿಯೇ ಟೊಳ್ಳು ಹಿಡಿದವನು.
ಜೇಡಿ ಒದ್ದೆಯಾದರೆ ನಿನ್ನ ಅಲೆಯನ್ನು
ನುಂಗಿ ನೀರು ಕುಡಿಯುತ್ತದೆ, ಎಂದ.
ನಿಜವೇ. ಈ ಸಲ ಏಳು ವಾರ ಮಳೆಯಿಲ್ಲ,
ಅದಕ್ಕೇ ಬಂದಿದ್ದೇವೆ.

ಮೂರನೆಯ ದಿನ ಪರದೆಯ ಮೇಲೆ
ಬಿಲವಲ್ಲದ ಒಂದು ಗಟ್ಟಿ ಹೊಳಪು.
ಎರಡು ಮೊಳ ಕೆಳಗೆ. ಚೌಕ.
ಇಲಿ ಮೂಲೆ ತಿದ್ದುವುದಿಲ್ಲ, ಎಂದ ಹೆಸ್ಸೆಲ್,
ಗುದ್ದಲಿ ತಂದ.

ತಗಡಿನ ಪೆಟ್ಟಿಗೆ. ಒಳಗೆ ಮೇಣಬಟ್ಟೆ.
ಮೇಣಬಟ್ಟೆಯೊಳಗೆ ರೇಡಿಯೋ.

ಯುದ್ಧದ ಕಾಲದಲ್ಲಿ, ಮನೆಮನೆಯ ರೇಡಿಯೋ
ತಂದೊಪ್ಪಿಸಬೇಕೆಂದು ಅಪ್ಪಣೆಯಾದಾಗ
ಯಾರೋ ರಾತ್ರಿ ಬಂದು ಇಲ್ಲಿ ಅಗೆದಿದ್ದಾರೆ,
ಹುಲ್ಲುಹೆಂಟೆ ಮತ್ತೆ ಹಾಗೇ ಹೊದಿಸಿದ್ದಾರೆ.
ತೆಗೆಯಲು ಬರಲಿಲ್ಲ. ಬರಲಾಗಲಿಲ್ಲವೋ, ಕಾಣೆ.
ಯುದ್ಧ ಮುಗಿಯಿತೆಂಬ ಸುದ್ದಿಯೂ
ಅದರ ಮೇಲಿಂದಲೇ ಹಾದುಹೋಗಿದೆ.
ಆಮೇಲೆ ಎಂಬತ್ತು ಬೇಸಿಗೆಯ ಹಾಡು, ಹವಾಮಾನ,
ತಗಡಿನ ಬಾಗಿಲು ತಟ್ಟಿ
ಒಳಗಿಂದ ಓ ಎನ್ನದೆ, ಮರಳಿದಂಥವು.

ಹೆಸ್ಸೆಲ್ ಹೆಬ್ಬೆರಳಿನಿಂದ ಗಾಜು ಒರೆಸಿ
ಮುಳ್ಳು ಎಲ್ಲಿ ನಿಂತಿದೆ ನೋಡಿದ.
ತಿರುಗಣೆ ತಿರುಗಿಸಿ ಕಿವಿಗೆ ಹಿಡಿದ,
ನಾವು ನೋಡುತ್ತಿರುವುದು ತಿಳಿದು ಕೆಳಗಿಟ್ಟ.

ಗುಂಡಿ ಮುಚ್ಚಿ ಮೊದಲು, ಇದು ಒಡ್ಡು, ಎಂದ.
ಮಣ್ಣು ತುಂಬಿ, ತುಳಿದು, ಬಡಿದೆವು.
ಫ್ರೌಕ್ಯೆ ಅದೇ ಜಾಗವನ್ನು ಮತ್ತೆ ಅಳೆದಳು:
ಹಾಲಿನ ದರ ಹೋಯಿತು, ಹಾಲಿನ ದರ ಬಂತು,
ಹೊಳಪಿದ್ದಲ್ಲಿ ಬರೀ ಮಣ್ಣು.

ಇಲಿ ಇನ್ನೂ ಸಿಕ್ಕಿಲ್ಲ.