ಎರಡು ಜರಡಿ

ಗುಂಡಿ ಒತ್ತಿದರ ತಟ್ಟಿ ಹೊರಗ ಬರ್ತೈತಿ,
ಹಸರು ದೀಪ ಮಿಣಕ್ತೈತಿ,
ಸಿಡಿ ಇಟ್ಟು ಡಬ್ಬಿ ಮ್ಯಾಲೆ ಕೈಯಿಟ್ಟರ
ಒಳಗ ಏನೋ ತಿರುಗೂದು ಅಂಗೈಗೆ ತಿಳೀತೈತಿ.
ಕಂಪ್ಯೂಟರಿಗೆ ಕೇಳ್ರಿ,
ಅಂಥಾವರು ಇಲ್ಲಿ ಯಾರೂ ಇಲ್ಲ ಅಂತೈತಿ.

ಐತವಾರ ರಾತ್ರಿ ಹೊಸ ವಿಂಡೋಸ್ ಹಾಕಿದಾಕಿ ನಾನ,
ತಪ್ಪು ಯಾರ ಮ್ಯಾಲೆ ಹೊರಸ್ಲಿ?
ನಿನ್ನೆತನಕ ಸಿ, ಡಿ, ಇ ಅಂತ ಸಾಲಾಗಿ ಕುಂತಿದ್ದವು,
ಈಗ ಪಂಕ್ತಿ ತುದಿಗೆ
ಉಣ್ಣೂ ಮೊದಲ ಯಾರೋ ಎಲಿ ಎತ್ತಿದಂಗ ಆಗೇತಿ.

ದಾವಲಸಾಬ ನದಾಫರು ಸ್ಟೂಲಿನ ಮ್ಯಾಲೆ ಕುಂತಾರ.
ಹಳೇ ಲಗ್ನಪತ್ರಿಕೆ ಲಕೋಟೆದಾಗ ಒಂದು ಸಿಡಿ,
ಮ್ಯಾಲೆ ಮಾರ್ಕರಿನಾಗ ಬರದದ್ದು: ಸರ್ವೆ, ಓಣಿ ಮೂರು.
ಹಿನ್ನೀರು ಏರೂ ಮೊದಲ ಯಾರೋ ಆಫೀಸಿನವರು
ಕ್ಯಾಮೆರಾ ಹೆಗಲಿಗಿಟ್ಟು ಹಳೇ ಬಾಗಲಕೋಟೆ ತಿರುಗ್ಯಾಡಿದ್ದು.
ಮೊಮ್ಮಗನ ಲ್ಯಾಪ್‌ಟಾಪಿಗೆ ಸಿಡಿ ನುಂಗೂ ಬಾಯಿ ಇಲ್ಲ.
ನವನಗರದ ಅಂಗಡಿ ಎಲ್ಲಾ ಸುತ್ತಿ ಬಂದು,
'ಸುಗಲಾ, ನಿನ್ನ ಕಡೆ ಐತಂತಲ್ಲವಾ' ಅಂದ್ರು.
ಐತ್ರಿ ಕಾಕಾ.
ಐತಿ, ಆದರ ಇಲ್ಲ.

ಡಬ್ಬಿ ಬಿಚ್ಚಿದೆ. ಧೂಳು, ಒಣಗಿದ ಒಂದು ಹಲ್ಲಿಮರಿ.
ಕೆಂಪು ವಾಯರು ಕಿತ್ತು ಬಾಜೂ ಸಂದಿಗೆ ಚುಚ್ಚಿದೆ.
ಸ್ಪಿರಿಟಿನಾಗ ಅದ್ದಿದ ಹತ್ತಿಲೆ ಲೆನ್ಸ್ ಒರಸಿದೆ.
'ಹತ್ತಿ ಹಿಂಜಿಲ್ಲ, ಗಂಟೈತಿ' ಅಂದ್ರು ಕಾಕಾ.
ಡ್ರೈವರ್ ತಗದೆ, ಮತ್ತ ಹಾಕಿದೆ.
ಹಳದಿ ತ್ರಿಕೋನ ಅಲ್ಲೇ,
ಕೆಲಸ ಮುಗದ ಮ್ಯಾಲೂ ರಸ್ತೆದಾಗ ಉಳದ ಫಲಕದಂಗ.

ಚಾ ತರಿಸಿದೆ. ಬಸಿಗೆ ಸುರಕೊಂಡು ಕಾಕಾ ಕೇಳಿದ್ರು:
'ಹೊಸಾದು ಹಾಕೂವಾಗ ಹಳೇದೇನರ ಒಳಗ ಉಳಸೀಯೇನು?'

ಆವಾಗ ಹೊಳೀತು.
ಸಿಡಿ ಸುಡೂ ಸಾಫ್ಟ್‌ವೇರ್ ಒಂದಿತ್ತು,
ಊರ ಮಂದಿ ಲಗ್ನ ಎಲ್ಲಾ ಅದರಾಗ ಸುಟ್ಟು ಕೊಡ್ತಿದ್ದೆ.
ಯಾವಾಗೋ ಹೊರಗ ಹಾಕಿದ್ದೆ, ಅದೂ ಹೋಗಿತ್ತು.
ಅದು ಕಟ್ಟಿದ್ದ ಎರಡು ಜರಡಿ ಹೋಗಿರಲಿಲ್ಲ.

ರಿಜಿಸ್ಟ್ರಿ ತಗದೆ. ತಲಾಟಿ ದಪ್ತರದಂಗ
ಖಾನೆದೊಳಗ ಖಾನೆ, ಅದರೊಳಗ ಮತ್ತೊಂದು,
ನಾಕು ಡಿ ಮೂವತ್ತಾರು ಅಂತ ಸುರುವಾಗೂ ಉದ್ದನ್ನ ನಂಬರು.
ಅಲ್ಲಿ ಕುಂತಿದ್ದವು:
ಅಪ್ಪರ್ ಫಿಲ್ಟರ್ಸ್, ಲೋವರ್ ಫಿಲ್ಟರ್ಸ್.
ಮ್ಯಾಲೊಂದು ಜರಡಿ, ಕೆಳಗೊಂದು ಜರಡಿ,
ಜರಡಿ ಹಿಡಿಯೂ ಕೈ ಇಲ್ಲ.
ಹೊಸ ವಿಂಡೋಸ್ ಆ ಕೈ ಹುಡುಕೇತಿ,
ಸಿಗಲಿಲ್ಲಂತ ಡ್ರೈವಿನ ಹೆಸರ ಹೊಡದು ಹಾಕೇತಿ.

ಅಳಿಸೂ ಮೊದಲ ನಕಲು ತಗದಿಟ್ಟೆ,
ಒಮ್ಮೆ ಕಿರಾಣಿ ಶೆಟ್ಟರ ಕಡೆ ಬೈಸಿಕೊಂಡು ಕಲತ ಬುದ್ಧಿ ಅದು.
ಮ್ಯಾಲಿಂದು ಅಳಿಸಿದೆ.
ಕೆಳಗಿಂದು ಅಳಿಸಿದೆ.
ಬಂದ್ ಮಾಡಿ ಚಾಲೂ ಮಾಡಿದೆ,
ಚುಕ್ಕಿ ಸುತ್ತೂತನಕ ಇಬ್ಬರೂ ಸುಮ್ಮನ.

ಇ ಬಂದು ತನ್ನ ಜಾಗದಾಗ ಕುಂತಿತು,
ಊಟಕ್ಕ ತಡಾ ಮಾಡಿದ ನೆಂಟನಂಗ.
ಸಿಡಿ ತಿರುಗಿತು, ಝುಂಯ್ ಅಂತು.
ಹತ್ತಿ ಹಿಂಜಿ ಹಿಂಜಿ ಮಂದಾದ ಕಿವಿ ಕಾಕಾರದು,
ಆದರೂ ಅಂದ್ರು: 'ಬಿಲ್ಲಿನ ತಂತಿ ಬಿಗಿ ಐತಿ.'

ಹನ್ನೊಂದು ನಿಮಿಷ. ಬಾಗಲಾ, ಬಾಗಲಾ, ಮತ್ತ ಬಾಗಲಾ,
ಎಲ್ಲಾದರ ಮ್ಯಾಲೂ ಕೆಂಪು ಬಣ್ಣದ ನಂಬರು.
ಒಬ್ಬಾಕಿ ಕ್ಯಾಮೆರಾ ನೋಡಿ ಒಳಗ ಹೋದಳು,
ಆಡು ಹೋಗಲಿಲ್ಲ.
ಏಳನೇ ನಿಮಿಷಕ್ಕ ಅವರ ಅಂಗಡಿ. ನಾಕ ಸೆಕೆಂಡು.
ಗೋಡೆಗೆ ಬಿಲ್ಲು, ಬುಡಕ ಸುತ್ತಿಟ್ಟ ಗಾದಿ,
ಕರೀ ಮೀಸಿಯವರೊಬ್ಬರು ನಮ್ಮ ಕಡೆ ನೋಡಾಕತ್ತಾರ.

ನಾನು ಕಾಕಾರ ಮಾರಿ ನೋಡಲಿಲ್ಲ,
ನೋಡಬಾರದು ಅನಿಸ್ತು.

'ನಿಲ್ಲಸು' ಅಂದ್ರು. ನಿಲ್ಲಿಸಿದೆ.
ಬೆರಳು ಹೋಗಿ ಪರದೆ ಮುಟ್ಟಿತು.
ಮೀಸಿಗಲ್ಲ, ಗಾದಿಗೆ.
'ಈ ನೀಲಿ ಪಟ್ಟಿಂದು ನೋಡು, ಗೊಂಗಡಶೆಟ್ಟಿ ಮಹಾರುದ್ರಪ್ಪಂದು.
ಮರುದಿನಾನ ಹೊತಗೊಂಡು ಹೋದ, ರೊಕ್ಕ ಆಮ್ಯಾಲೆ ಅಂದ.
ಊರು ಮುಳಗಿತು. ಇಪ್ಪತ್ತು ವರ್ಷ ದಾಟೇತಿ,
ಕೇಳಿದಾಗೊಮ್ಮೆ, ಅಂಥಾ ಗಾದಿ ಇರಲೇ ಇಲ್ಲ ಅಂತಾನ.'

ತಣ್ಣಗಾದ ಚಾ ಒಂದ ಗುಟುಕಿಗೆ ಕುಡದು
ಕಿಸೆದಿಂದ ಮೊಮ್ಮಗನ ಪೆನ್‌ಡ್ರೈವ್ ತಗದ್ರು.
'ಇದಕ್ಕ ಹಾಕಿ ಕೊಡು.
ಅಂವನ ಮನ್ಯಾಗ ಟಿವಿ ದೊಡ್ಡದೈತಿ.'