ಚಕ್ಕುಬಂದಿ

ವರ್ಮಾಂಟಿನಲ್ಲಿ ವಸಂತ ಹೂವಿನಿಂದ ಶುರುವಾಗುವುದಿಲ್ಲ,
ಕೆಸರಿನಿಂದ.
ಮಾರ್ಚಿನ ಕೊನೆ. ರಸ್ತೆಯೆಲ್ಲ ಅಂಬಲಿ.
ನಾನು ನೆಟ್ಟ ‘ಮಾರಾಟಕ್ಕಿದೆ’ ಫಲಕ
ದಿನಕ್ಕೆರಡು ಬೆರಳು ಇಳಿಯುತ್ತಿದೆ.
ಮೊನ್ನೆ ಫೋನ್ ನಂಬರು ಮುಳುಗಿತು,
ಇವತ್ತು ನನ್ನ ಹೆಸರು.
ಮುಳುಗಲಿ ಬಿಡಿ, ಲೊರೇನ್ ಎಲ್ಲಿ ಅಂತ
ಅಂಚೆಮನೆ ಬಾಗಿಲಲ್ಲಿ ಕೇಳಿದರೆ
ನಾನು ಬೆಳಿಗ್ಗೆ ಏನು ತಿಂದೆ ಅನ್ನುವುದನ್ನೂ ಹೇಳುತ್ತಾರೆ.

ಮಾರುತ್ತಿರುವವಳು ಹೆಸ್ಟರ್ ಪೆಕ್.
ಯಾಕೆ ಅಂದವರಿಗೆಲ್ಲ ಒಂದೇ ಉತ್ತರ:
“ನಲವತ್ತು ವರ್ಷ ಮೇಪಲ್ ರಸ ಕಾಯಿಸಿದೆ.
ಇನ್ನು ಲೈಬ್ರರಿ ಎದುರಿನ ಎರಡು ಕೋಣೆಯಲ್ಲಿ ಕೂತು
ಬೇರೆಯವರು ಕಾಯಿಸಿದ್ದನ್ನು ನೆಕ್ಕುತ್ತೇನೆ.”

ಶನಿವಾರ ಬಾಸ್ಟನ್ನಿನಿಂದ ಬಂದರು
ಜೂಡಿತ್, ಅವಳ ಗಂಡ ಸ್ಟೆಲಿಯೋಸ್,
ನೆಲಕ್ಕೆ ಹೊಟ್ಟೆ ತಾಗುವ ಕಾರಿನಲ್ಲಿ.
ಮೇ ತನಕ ತಾಳಿ ಅಂದಿದ್ದೆ.
ಗುಡ್ಡದ ತಿರುವಿನಲ್ಲಿ ಕಾರು
ಹಾಲು ಕೊಡದ ಹಸುವಿನಂತೆ ಕುಕ್ಕರಿಸಿತು.
ಎಮಿಲ್ ಲಾಫ್ಲಾಮ್ ಟ್ರ್ಯಾಕ್ಟರು ತಂದ, ಸರಪಳಿ ಕಟ್ಟಿದ, ಎಳೆದ.
ದುಡ್ಡು ಮುಂದೆ ಹಿಡಿದರೆ
ಅದು ಏನೆಂದು ಗೊತ್ತಿಲ್ಲದವನ ಹಾಗೆ ನೋಡಿದ.

ಅಂಗಳದಲ್ಲೇ ನಿಂತು ಹಳೆಯ ಕ್ರಯಪತ್ರ ಓದಿದೆ:
ಮೂಡಲಿಗೆ ಬಿಳಿಯ ಬರ್ಚ್ ಮರ,
ಅಲ್ಲಿಂದ ತೆಂಕಲಿಗೆ ನಲವತ್ತೆರಡು ಕೋಲು, ಕಲ್ಲುಗುಪ್ಪೆ,
ಪಡುವಲಿಗೆ ತೊರೆ, ಅದು ಹರಿದ ಹಾಗೆ,
ಬಡಗಲಿಗೆ ವಿಧವೆ ಆಲ್ಡನ್ನಳ ಬೇಲಿ.

“ಬರ್ಚ್ ಎಲ್ಲಿದೆ?” ಅಂದ ಸ್ಟೆಲಿಯೋಸ್.
ಬರ್ಚ್ ಬಿದ್ದದ್ದು ನನ್ನಮ್ಮ ಹುಟ್ಟುವ ಮೊದಲು.
ತೊರೆ ಎರಡು ಸಲ ಮನಸ್ಸು ಬದಲಿಸಿದೆ.
ವಿಧವೆ ಮತ್ತೆ ಮದುವೆಯಾದಳು, ಪತ್ರಕ್ಕೆ ಆ ಸುದ್ದಿ ಮುಟ್ಟಿಲ್ಲ.
ಕಲ್ಲುಗುಪ್ಪೆ ಮಾತ್ರ ಇದೆ,
ಕಲ್ಲುಗಳಿಗೆ ಹೋಗಲು ಬೇರೆ ಊರಿಲ್ಲ.

“ಇಲ್ಲಿತ್ತು,” ಎಮಿಲ್ ಬೂಟಿನಿಂದ ಹಿಮ ಒದ್ದ.
“ಅಲ್ಲ, ಮೂರು ಹೆಜ್ಜೆ ಆಚೆ,” ಹೆಸ್ಟರ್.
ಇಬ್ಬರೂ ಆ ಮರವನ್ನು ಕಂಡವರಲ್ಲ.
ಮೂವತ್ತು ವರ್ಷದಿಂದ ಅದರ ನೆರಳಲ್ಲಿ ನಿಂತು
ಜಗಳವಾಡಿಕೊಂಡು ಬಂದಿದ್ದಾರೆ, ಸುಖವಾಗಿ.

ಪತ್ರದ ಕೊನೆಗೆ ಇನ್ನೊಂದು ಸಾಲು:
ನೆರೆಯವನೂ ಅವನ ಸಂತತಿಯೂ
ಹನ್ನೆರಡು ಮೇಪಲ್ ಮರಗಳಿಗೆ ಬಕೆಟ್ಟು ಕಟ್ಟಬಹುದು,
ರಸ ಇಳಿಯುವಷ್ಟು ಕಾಲ.
“ಯಾರು ಆ ನೆರೆಯವನು?”
“ನಾನೇ,” ಅಂದ ಎಮಿಲ್, ಸರಪಳಿ ಸುತ್ತುತ್ತ.
“ಈ ಸಾಲು ತೆಗೆಸಬಹುದಲ್ಲ?” ಜೂಡಿತ್ ನನ್ನ ಕಿವಿಯಲ್ಲಿ.
ಯಾರೂ ಮಾತಾಡಲಿಲ್ಲ.
ಯಾವುದೋ ಬಕೆಟ್ಟಿನ ತಳಕ್ಕೆ
ಟಣ್ ಅಂತ ಒಂದು ಹನಿ ಬಿತ್ತು.

ಕಾರಿನ ಚಕ್ರ ತೊಳೆಯುವಷ್ಟರಲ್ಲಿ ಕತ್ತಲು.
ಊರ ಸಭಾಂಗಣದಲ್ಲಿ ಪ್ಯಾನ್‌ಕೇಕ್ ಊಟ,
ಬೆಂಕಿ ಆರಿಸುವ ಹಳೆಯ ಲಾರಿಗೆ ಹೊಸ ಪಂಪು ಕೊಳ್ಳಲು.
ತಲೆಗೆ ಎಂಟು ಡಾಲರು, ಐದು ವರ್ಷದೊಳಗಿನವರಿಗೆ ಪುಕ್ಕಟೆ.
ಕೊಳ್ಳುತ್ತೀರಾ, ಎಷ್ಟಕ್ಕೆ, ಯಾವ ಕೆಲಸದಲ್ಲಿದ್ದೀರಿ,
ಅಲ್ಲಿ ಯಾರೂ ಕೇಳಲಿಲ್ಲ.
ಊಟ ಮುಗಿದದ್ದೇ ಗುಮಾಸ್ತೆ ವಿನಿಫ್ರೆಡ್
ಸ್ಟೆಲಿಯೋಸನ ಕೈಗೆ ಆರು ಮಡಚುಕುರ್ಚಿ ಕೊಟ್ಟಳು,
“ಗೋಡೆಗೆ ಒರಗಿಸು, ಕಾಲು ಒಳಮುಖವಾಗಿ.”
ಅವನು ತಪ್ಪಾಗಿ ಒರಗಿಸಿದ.
ಒಬ್ಬ ಹುಡುಗ ಬಂದು ಸುಮ್ಮನೆ ತಿರುಗಿಸಿಟ್ಟ.

ಕ್ರಯಪತ್ರದಲ್ಲಿ ಜಲ, ತರು, ಪಾಷಾಣ ಬರೆಯುತ್ತೇವೆ.
ಕುರ್ಚಿ ಬರೆಯುವುದಿಲ್ಲ.
ಇಪ್ಪತ್ತೆರಡು ವರ್ಷ ಮಾರಿದ್ದೇನೆ,
ಅದಕ್ಕೆ ಎಕರೆಗೆ ಎಷ್ಟು ಅಂತ ಇನ್ನೂ ತಿಳಿದಿಲ್ಲ.

ಸೋಮವಾರ ಫೋನು. ಜೂಡಿತ್.
ಕೇಳಿದ್ದಕ್ಕಿಂತ ಒಂಬತ್ತು ಸಾವಿರ ಕಮ್ಮಿ. ಆಮೇಲೆ ತಡೆದು,
“ಆ ಹನ್ನೆರಡರಲ್ಲಿ ಈಗ ಎಷ್ಟು ನಿಂತಿವೆ?”
“ಏಳು.”
“ಬಿದ್ದ ಐದಕ್ಕೆ ಬದಲು ಬೇರೆ ಐದು
ನಾವು ತೋರಿಸಬೇಕಾಗುತ್ತದಾ?”
ಪತ್ರದಲ್ಲಿಲ್ಲ. ಎಮಿಲ್‌ನನ್ನು ಕೇಳಿ ಹೇಳುತ್ತೇನೆ ಅಂದೆ.

ಬೂಟು ಹಾಕಿಕೊಂಡು ಹೊರಟೆ.
ದಾರಿಯಲ್ಲಿ ಫಲಕ ಎತ್ತಿ ನಿಲ್ಲಿಸೋಣವೆಂದರೆ
ಎರಡಕ್ಷರ ಉಳಿದಿದ್ದವು.
ಎಳೆದೆ. ಬರಲಿಲ್ಲ.
ನನ್ನ ಎಡಗಾಲ ಬೂಟು ಮಾತ್ರ
ಅಲ್ಲೇ ಒಪ್ಪಂದ ಮಾಡಿಕೊಂಡಿತು.